ಹಿತ್ತಲ ಬಾಗಿಲಿಲ್ಲದ ಮನೆ



ಕಾಯಕದ ಮಾತು ಬಂದಾಗಲೆಲ್ಲ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರುಗಳು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಶಿವಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನ ಹೆಸರು ಅಷ್ಟು ಬೇಗ ಬರುವುದಿಲ್ಲ. ಅನುಭಾವದ ಮಾತಿಗೆ ಕುಳಿತಾಗ ಕಸ, ಕೊಳೆ, ಬಚ್ಚಲುಗಳನ್ನು ಹೊಸ್ತಿಲಾಚೆ ಬಿಟ್ಟು ಕುಳಿತುಕೊಳ್ಳುವುದು ನಮ್ಮ ರೂಢಿ. ಮನೆಯೊಳಗಿನ ಹೊಲಸನ್ನು ಎತ್ತುವವರು ಯಾರು ಎಂಬ ಪ್ರಶ್ನೆ ನನ್ನೆದುರು ನೇರವಾಗಿ ಬಂದು ನಿಂತದ್ದು ಬಳ್ಳಾರಿಯಿಂದ ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಚಕ್ರಗಳ ಮೇಲಿನ ಒಂದು ಮನೆಯ ಹಿಂಬದಿಯಲ್ಲಿ. ಆ ಪ್ರವಾಸದ ವೃತ್ತಾಂತವನ್ನು ತಮ್ಮೆದುರು ಇಡುತ್ತಿದ್ದೇನೆ.

2023ರ ಜೂನ್ ತಿಂಗಳಲ್ಲಿ, ಬಳ್ಳಾರಿಯ ಬಿಸಿಲು ಇನ್ನೂ ಬಂಡೆಗಳನ್ನು ಬಿಟ್ಟು ಇಳಿಯದಿದ್ದಾಗ, ನಾನು, ನನ್ನ ಮಡದಿ ಹಾಗೂ ಎಂಬತ್ತನಾಲ್ಕು ವರ್ಷದ ನಮ್ಮ ಅವ್ವ ಮೂವರೂ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಬೇಸಿಗೆಯ ರಜೆಯಲ್ಲಿ ರಾಷ್ಟ್ರೀಯ ಉದ್ಯಾನಗಳನ್ನು ತೋರಿಸಬೇಕೆಂಬುದು ಮಗನ ಆಸೆ. ಹೋಟೆಲಿನಿಂದ ಹೋಟೆಲಿಗೆ ಅವ್ವನನ್ನು ಏರಿಸಿ ಇಳಿಸುವುದು ಕಷ್ಟವೆಂದು ಆತ ಸಾಲ್ಟ್ ಲೇಕ್ ನಗರದಲ್ಲಿ ಒಂದು ಮೋಟರ್‌ಹೋಮನ್ನು ಹನ್ನೊಂದು ದಿನಗಳಿಗೆ ಬಾಡಿಗೆ ಹಿಡಿದಿದ್ದ. ಅಲ್ಲಿನವರು ಅದನ್ನು ಆರ್.ವಿ. ಎನ್ನುತ್ತಾರೆ. ಮೂವತ್ತು ಅಡಿ ಉದ್ದದ ಒಂದೇ ಗಾಡಿಯಲ್ಲಿ ಮಲಗಲು ಆರು ಜನಕ್ಕೆ ಹಾಸಿಗೆ, ಅಡುಗೆಗೆ ಅನಿಲದ ಒಲೆ, ತಂಪು ಪೆಟ್ಟಿಗೆ, ಕೈ ತೊಳೆಯುವ ತೊಟ್ಟಿ, ಮೊಣಕೈ ಚಾಚಲಾಗದಷ್ಟು ಚಿಕ್ಕ ಬಚ್ಚಲು, ಅದರಲ್ಲೇ ಶೌಚ.

ಅವ್ವ ಒಳಗೆಲ್ಲ ಒಮ್ಮೆ ನಡೆದು ನೋಡಿ, "ಎತ್ತಿಲ್ಲದ ಸವಾರಿ ಬಂಡಿ ಐತಿದು" ಎಂದಳು. ಆಕೆಯ ತವರು ಕುರುಗೋಡು, ಕೊಟ್ಟದ್ದು ಸಿರುಗುಪ್ಪಕ್ಕೆ. ದೊಡ್ಡಬಸವೇಶ್ವರನ ಜಾತ್ರೆಗೆ ಹೋಳಿ ಹುಣ್ಣಿಮೆಯ ಹೊತ್ತಿನಲ್ಲಿ ಸಿರುಗುಪ್ಪದ ಸೀಮೆಯಿಂದ ತೆಕ್ಕಲಕೋಟೆ ಹಾಯ್ದು ಬರುತ್ತಿದ್ದ ಕಮಾನು ಬಂಡಿಗಳ ಸಾಲನ್ನು ಆಕೆ ಹುಡುಗಿಯಾಗಿದ್ದಾಗ ತವರಿನ ಕಟ್ಟೆಯ ಮೇಲೆ ನಿಂತು ನೋಡಿದ್ದಳು. ಮದುವೆಯಾದ ಮೇಲೆ ಅಂಥದೇ ಒಂದು ಬಂಡಿಯಲ್ಲಿ ಕುಳಿತು ಬಂದಿದ್ದಳು. ಬಂಡಿಯ ಹೊಟ್ಟೆಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಜಮಖಾನ, ಮೂಲೆಯಲ್ಲಿ ಸಜ್ಜೆ ರೊಟ್ಟಿಯ ಬುಟ್ಟಿ, ಗುರೆಳ್ಳು ಚಟ್ನಿ, ಗಡಿಗೆಯಲ್ಲಿ ಮೊಸರನ್ನ, ಗಾಲಿಯ ಅಚ್ಚಿನ ಕೆಳಗೆ ತೂಗುವ ಕಂದೀಲು. ಏಕಶಿಲೆಯ ಆ ಬೃಹತ್ ಬಸವಣ್ಣನ ದರ್ಶನ ಮಾಡಿಕೊಂಡು ಎರಡು ಮೂರು ರಾತ್ರಿ ಬಂಡಿಯ ನೆರಳಿನಲ್ಲೇ ಮಲಗಿ ಎದ್ದು ಬರುವುದು. ಮನೆಯೇ ಮಂದಿಯೊಡನೆ ಹೊರಟು ಬರುವ ಅನುಭವ ಆಕೆಗೆ ಹೊಸದಾಗಿರಲಿಲ್ಲ. ನಮಗೇ ಹೊಸದು.

ಆದರೆ ಮೊದಲ ಬೆಳಗಿನಲ್ಲೇ ಒಂದು ತೊಡಕು ಎದುರಾಯಿತು. ಒಲೆಗೂ ಶೌಚದ ಬಾಗಿಲಿಗೂ ಎರಡು ಮೊಳದ ಅಂತರ. ಅವ್ವ ಲಿಂಗಪೂಜೆಗೆ ಒಳಗೆ ಕೂರಲೊಲ್ಲಳು. ಅಂಗದ ಮೇಲೆ ಲಿಂಗವಿರುವ ಭಕ್ತನಿಗೆ ಇಂಥ ಸೂತಕಗಳಿಲ್ಲವೆಂದು ಮಠದ ಪ್ರವಚನಗಳಲ್ಲಿ ಅರವತ್ತು ವರ್ಷ ಕೇಳಿದವಳೇ ಆಕೆ. ನಾನು ಅದನ್ನು ನೆನಪಿಸಿದಾಗ, "ಗೊತ್ತೈತೆಪ್ಪಾ, ಮನಸ್ಸು ಒಪ್ಪಬೇಕಲ್ಲ" ಎಂದಳು. ಹೊರಗೆ ಮರದ ಮೇಜು-ಬೆಂಚುಗಳಿದ್ದವು. ಝಯಾನ್ ಕಣಿವೆಯ ಕೆಂಪು ಬಂಡೆಗಳ ಗೋಡೆಗೆ ಎದುರಾಗಿ ಕುಳಿತು, ಚಳಿಗಾಳಿಗೆ ಸೆರಗು ಹೊದ್ದು, ವಿಭೂತಿ ಧರಿಸಿ ಪೂಜೆ ಮುಗಿಸಿದಳು. ಪಕ್ಕದ ಗಾಡಿಯವರು ತಮ್ಮ ನಾಯಿಯನ್ನು ಹಿಡಿದು ನಿಂತು, ಆಕೆ ಏಳುವವರೆಗೂ ಅತ್ತ ಸುಳಿಯಲಿಲ್ಲ.

ಝಯಾನಿನಿಂದ ಪೂರ್ವಕ್ಕೆ ಹೊರಡುವ ದಾರಿಯಲ್ಲಿ 1930ರಲ್ಲಿ ಬೆಟ್ಟ ಕೊರೆದು ಮಾಡಿದ ಒಂದು ಸುರಂಗವಿದೆ. ಉದ್ದ ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು. ಅದನ್ನು ಕೊರೆದ ಕಾಲದಲ್ಲಿ ಇಷ್ಟು ಎತ್ತರದ ವಾಹನಗಳು ಬಂದಾವೆಂದು ಯಾರೂ ಎಣಿಸಿರಲಿಲ್ಲ. ಆದ್ದರಿಂದ ನಾವು ಹೋದಾಗ ನಮ್ಮಂಥ ಗಾಡಿ ಬಂದರೆ ಎದುರಿನ ಸಂಚಾರವನ್ನೆಲ್ಲ ತಡೆದು, ರಸ್ತೆಯ ನಡುಮಧ್ಯದಲ್ಲಿ ಒಂದೇ ದಿಕ್ಕಿಗೆ ಬಿಡುತ್ತಿದ್ದರು. ಮುಂದೆ ಬ್ರೈಸ್ ಕಣಿವೆ. ಅಲ್ಲಿಂದ ಉತ್ತರಕ್ಕೆ ತಿರುಗಿ, ನಡುವೆ ಒಂದು ರಾತ್ರಿ ತಂಗಿ, ಗ್ರ್ಯಾಂಡ್ ಟೀಟನ್ ಹಾದು ಯೆಲ್ಲೋಸ್ಟೋನ್ ಸೇರಬೇಕು. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಗಾಡಿ ಅದು. ನಿಸರ್ಗವನ್ನು ನೋಡಲೆಂದು ಇಷ್ಟೊಂದು ಪೆಟ್ರೋಲು ಸುಡುವುದು ನನಗೆ ಇಂದಿಗೂ ಸರಿಕಾಣದು. ಅದನ್ನು ಮಗನಿಗೆ ಹೇಳಿಯೂ ಇದ್ದೇನೆ.

ಈ ಸಂಚಾರಿ ಮನೆಯ ಕೆಳಗೆ ಮೂರು ತೊಟ್ಟಿಗಳಿರುತ್ತವೆ. ಒಂದರಲ್ಲಿ ಸಿಹಿನೀರು, ನಮ್ಮದರಲ್ಲಿ ಹಿಡಿಯುತ್ತಿದ್ದುದು ಸುಮಾರು ನೂರೈವತ್ತು ಲೀಟರ್. ಎರಡನೆಯದರಲ್ಲಿ ಮುಸುರೆ ಮತ್ತು ಸ್ನಾನದ ನೀರು ಕೂಡುತ್ತದೆ. ಅದನ್ನು ಬೂದು ನೀರು ಎನ್ನುತ್ತಾರೆ. ಮೂರನೆಯದು ಶೌಚದ ತೊಟ್ಟಿ. ಅದರ ಹೆಸರು ಕಪ್ಪು ನೀರು. ಒಳಗೆ ಗೋಡೆಯ ಮೇಲೆ ಒಂದು ಗುಂಡಿಯನ್ನು ಒತ್ತಿದರೆ ಯಾವ ತೊಟ್ಟಿ ಎಷ್ಟು ತುಂಬಿದೆ ಎಂಬುದನ್ನು ಸಣ್ಣ ದೀಪಗಳು ತೋರಿಸುತ್ತವೆ. ಎಂಟು ವರ್ಷದ ಮೊಮ್ಮಗಳು ಬೆಳಗು ಸಂಜೆ ಅದನ್ನು ಒತ್ತಿ, "ಕಪ್ಪು ಮೂರರಲ್ಲಿ ಎರಡು, ಸಿಹಿ ಮೂರರಲ್ಲಿ ಒಂದು" ಎಂದು ಸಾರುತ್ತಿದ್ದಳು. ನಾವು ಎಷ್ಟು ಬಳಸಿದೆವು, ಎಷ್ಟು ಹೊಲಸು ಮಾಡಿದೆವು ಎಂಬುದರ ಲೆಕ್ಕ ದಿನವೂ ಊಟದ ಮೇಜಿನ ಮೇಲೆ. ಹಿಂದಿನ ಸಂಜೆ ನನ್ನ ಸ್ನಾನ ತುಸು ದೀರ್ಘವಾದರೆ ಮರುದಿನ ಸೊಸೆ ಪಾತ್ರೆ ತೊಳೆಯಲು ತಡಕಾಡುವುದು ಕಣ್ಣಿಗೇ ಕಾಣುತ್ತಿತ್ತು. ಎಲ್ಲರಿಗಿಂತ ಕಡಿಮೆ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದವಳು ಅವ್ವ. ತುಂಗಭದ್ರೆಯ ಕಾಲುವೆಯ ಪಕ್ಕದಲ್ಲೇ ಭತ್ತದ ಗದ್ದೆಯಿದ್ದರೂ ಆಕೆ ನೀರು ಚೆಲ್ಲಿದ್ದನ್ನು ನಾನು ಕಂಡಿಲ್ಲ.

ಮೂರನೆಯ ದಿನ ಕಪ್ಪು ತೊಟ್ಟಿ ತುಂಬಿತು. ಬಿಡಾರಗಳ ಹೊರಬಾಗಿಲ ಬಳಿ ಅದನ್ನು ಖಾಲಿ ಮಾಡಲು ಒಂದು ಕಟ್ಟೆಯಿರುತ್ತದೆ. ನೆಲದಲ್ಲಿ ಮುಚ್ಚಳವಿರುವ ಒಂದು ಬಾಯಿ. ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಸರದಿ ಬಂದಾಗ ಮಗ ಕೈಗವಸು ತೊಟ್ಟು, ದಪ್ಪನೆಯ ಕೊಳವೆಯ ಒಂದು ತುದಿಯನ್ನು ಗಾಡಿಗೂ ಇನ್ನೊಂದನ್ನು ನೆಲದ ಬಾಯಿಗೂ ಜೋಡಿಸಿ, ಮೊಣಕಾಲೂರಿ ಕುಳಿತು ಕೀಲಿಯನ್ನೆಳೆದ. ಮೊದಲು ಕಪ್ಪು ನೀರು ಬಿಡಬೇಕು, ಅದರ ಹಿಂದೆ ಬೂದು ನೀರು. ಆಗ ಕೊಳವೆ ತಾನೇ ತೊಳೆದುಕೊಳ್ಳುತ್ತದೆ. ಕೊಳವೆ ತೊಳೆಯುವ ನಲ್ಲಿ ಬೇರೆ, ಕುಡಿಯುವ ನೀರು ತುಂಬಿಕೊಳ್ಳುವ ನಲ್ಲಿ ಬೇರೆ.

ಅವ್ವ ಕಿಟಕಿಯಿಂದ ನೋಡುತ್ತಿದ್ದಳು. ಸಿರುಗುಪ್ಪದಲ್ಲಿ ಹದಿನೆಂಟು ಎಕರೆ ನೀರಾವರಿಯ ಮನೆತನದ ಮೊಮ್ಮಗ, ಕಂಪ್ಯೂಟರಿನ ಕೆಲಸದವನು, ಆರು ಜನರ ಮಲವನ್ನು ಹರಿಯಬಿಡುತ್ತಿದ್ದಾನೆ. "ಯಾರನ್ನಾರ ಕರೀಬಾರದೇನೋ?" ಎಂದು ಕೂಗಿದಳು. ಮಗ ತಲೆಯೆತ್ತಿ, "ಕರೆಯೋಕೆ ಇಲ್ಲಿ ಯಾರೂ ಇಲ್ಲ ಅಜ್ಜಿ" ಎಂದ. ನಮ್ಮ ಹಿಂದೆ ಕೈಗವಸು ತೊಟ್ಟು ಸರದಿಗೆ ನಿಂತಿದ್ದ ಮುದುಕರು ನಿವೃತ್ತ ವೈದ್ಯರೆಂದು ಮಾತಿಗೆ ಮಾತು ಬಂದು ತಿಳಿಯಿತು. ಅವರ ಹಿಂದಿನವನು ಲಾರಿ ಚಾಲಕ.

ಇದನ್ನು ಆ ದೇಶದ ಹಿರಿಮೆಯೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಹೋಟೆಲುಗಳ ಶೌಚ ತೊಳೆಯುವವರು ಬಡವರೇ, ಬಹಳಷ್ಟು ಜನ ಹೊರದೇಶಗಳಿಂದ ಬಂದವರೇ. ಯೆಲ್ಲೋಸ್ಟೋನ್ 1872ರಲ್ಲಿ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾಯಿತು. ಆದರೆ ಅಲ್ಲಿ ತಲೆತಲಾಂತರದಿಂದ ಬೇಟೆಯಾಡಿ ಬದುಕಿದ್ದ ಶೋಶೋನಿ ಜನರನ್ನು ಹೊರಹಾಕಿದ ಕಥೆಯನ್ನು ಆ ಹೆಸರಿನೊಡನೆ ಹೇಳುವವರು ಕಡಿಮೆ. ನಾಗರಹೊಳೆಯ ಜೇನುಕುರುಬರನ್ನು ಬಲ್ಲ ನಮಗೆ ಆ ಕಥೆ ಅರ್ಥವಾಗದ್ದೇನಲ್ಲ. ನನಗೆ ಮುಖ್ಯವಾಗಿ ಕಂಡದ್ದು ಆ ಗಾಡಿಯ ರಚನೆ. ನಮ್ಮ ಹಳೆಯ ಮನೆಗಳಿಗೆ ಮುಂಬಾಗಿಲು ಇರುವಂತೆ ಹಿತ್ತಲ ಬಾಗಿಲೂ ಇರುತ್ತದೆ. ಹೊಲಸನ್ನೂ, ಹೊಲಸೆತ್ತುವವರನ್ನೂ ಆ ಬಾಗಿಲಿಗೆ ಕಳಿಸಿ ಮರೆಯಬಹುದು. ಈ ಮನೆಗೆ ಇರುವುದು ಒಂದೇ ಬಾಗಿಲು.

ಯೆಲ್ಲೋಸ್ಟೋನಿನಲ್ಲಿ ನಾಲ್ಕು ದಿನ ಇದ್ದೆವು. ಆ ಉದ್ಯಾನದ ವಿಸ್ತಾರ ಸುಮಾರು ಒಂಬತ್ತು ಸಾವಿರ ಚದರ ಕಿಲೋಮೀಟರ್. ಈಗಿನ ನಮ್ಮ ಬಳ್ಳಾರಿ ಜಿಲ್ಲೆಗಿಂತ ದೊಡ್ಡದು. ನೆಲದೊಳಗಿನ ಬೆಂಕಿಗೆ ಕಾದ ನೀರು ಅಲ್ಲಲ್ಲಿ ಕುದಿಯುತ್ತ, ಗಂಧಕದ ವಾಸನೆ ಬೀರುತ್ತ ಮೇಲೆದ್ದು ಬರುತ್ತದೆ. ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರ ಬುಗ್ಗೆ ಸರಾಸರಿ ಒಂದೂವರೆ ಗಂಟೆಗೊಮ್ಮೆ ಆಕಾಶಕ್ಕೆ ಚಿಮ್ಮುವುದನ್ನು ನೋಡಲು ಸಾವಿರಾರು ಜನ ಅರ್ಧವರ್ತುಲದಲ್ಲಿ ಕುಳಿತಿದ್ದರು. ತೇರು ಎಳೆಯುವ ಮುನ್ನಿನ ಕುರುಗೋಡಿನ ಬೀದಿಯ ಹಾಗೆ. ಹೇಡನ್ ಎಂಬ ಕಣಿವೆಯಲ್ಲಿ ಕಾಡೆಮ್ಮೆಗಳ ಹಿಂಡು ದಾರಿಗೆ ಅಡ್ಡಬಂದು ಮುಕ್ಕಾಲು ಗಂಟೆ ಗಾಡಿಗಳೆಲ್ಲ ನಿಂತವು. ಬೈಸನ್ ಎಂದು ಮೊಮ್ಮಗಳು ಹೇಳಿಕೊಟ್ಟಳು. ಗಾಜಿನಾಚೆ ಒಂದು ಮಾರು ದೂರದಲ್ಲಿ ಡುಬ್ಬವೆತ್ತಿ ನಡೆದು ಹೋದ ಆ ಪ್ರಾಣಿಗೆ ಅವ್ವ ಕೈಮುಗಿದಳು. ನಡೆದು ಹೋಗುವವರು ಅವುಗಳಿಂದ ಇಪ್ಪತ್ತಮೂರು ಮೀಟರ್, ಕರಡಿ ತೋಳಗಳಿಂದ ತೊಂಬತ್ತೊಂದು ಮೀಟರ್ ದೂರವಿರಬೇಕೆಂಬುದು ಅಲ್ಲಿನ ಕಟ್ಟಳೆ.

ಕರಡಿಯ ಭಯ ಅಲ್ಲಿ ಹಾಡುಹಗಲಿನ ಸಂಗತಿ. ನಾವು ತಂಗಿದ್ದ ಫಿಶಿಂಗ್ ಬ್ರಿಡ್ಜ್ ಬಿಡಾರದಲ್ಲಿ ಬಟ್ಟೆಯ ಡೇರೆಗಳಿಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಒಂದು ತುಂಡು ರೊಟ್ಟಿಯನ್ನೂ ಹೊರಗೆ ಬಿಡುವಂತಿಲ್ಲ. ಅವ್ವನಿಗೆ ಇದು ವಿಚಿತ್ರವೆನಿಸಿತು. 1994ರಲ್ಲಿ ಆದ ನಮ್ಮ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನದ ಹೊತ್ತು ಬಂಡೆಗಳಿಗೆ ಬೆಲ್ಲದ ಪಾಕ ಸವರಿ, ನೋಡುವವರು ಗೋಪುರದ ಮೇಲೆ ಕಾದು ಕೂರುವುದನ್ನು ಆಕೆ ಕಂಡವಳು. "ನಮ್ಮಲ್ಲಿ ಉಣ್ಣಾಕ ಕರೀತೀವಿ, ಇಲ್ಲಿ ಉಣ್ಣಬ್ಯಾಡ ಅಂತಾರ" ಎಂದು ನಕ್ಕಳು.

ಆ ಬಿಡಾರದಲ್ಲೇ ಒಂದು ರಾತ್ರಿ ಅವ್ವ ತಾನಾಗಿಯೇ ಮಾತು ತೆಗೆದಳು. ಮೊಮ್ಮಗಳು ನಿದ್ದೆ ಹೋಗಿದ್ದಳು. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ.

1961ರ ಬೇಸಿಗೆ. ಅಪ್ಪನವರಿಗೆ ಬಳ್ಳಾರಿಯಲ್ಲಿ ನೌಕರಿ; ಹಳೆಯ ಪೇಟೆಯ ಓಣಿಯೊಂದರಲ್ಲಿ ಬಾಡಿಗೆ ಮನೆ. ನನಗಾಗ ಎರಡು ವರ್ಷ. ಆ ಓಣಿಯ ಮನೆಗಳ ಶೌಚಕ್ಕೆ ನೀರಿನ ಸೌಕರ್ಯವಿರಲಿಲ್ಲ. ಹಿಂಗೋಡೆಯ ಬುಡದಲ್ಲಿ ಒಂದು ತಗಡಿನ ಕಿರುಬಾಗಿಲು. ಅದು ತೆರೆಯುವುದು ಹಿಂದಿನ ಸಂದಿಗೆ. ದಿನ ಬೆಳಗಾದರೆ ಒಬ್ಬಾಕೆ ತಗಡು ಮತ್ತು ಬುಟ್ಟಿ ಹಿಡಿದು ಆ ಸಂದಿಯಲ್ಲಿ ಬಂದು, ಬೂದಿ ಚೆಲ್ಲಿ, ಬಳಿದು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದಳು. ಪೌರಕಾರ್ಮಿಕರು ಎಂಬ ಗೌರವದ ಹೆಸರು ಅಂದಿಗೆ ಬಳಕೆಗೆ ಬಂದಿರಲಿಲ್ಲ. ಆ ವರ್ಷ ಆಕೆಯೂ ಬಸುರಿ, ಅವ್ವನೂ ನನ್ನ ತಂಗಿಯ ಬಸುರಿ. ಎರಡು ದಿನ ಆಕೆ ಬರಲಿಲ್ಲ. ಮೂರನೆಯ ದಿನ ಬಂದಾಗ ಹೊಟ್ಟೆಯಿರಲಿಲ್ಲ. ಬೆನ್ನಿಗೆ ಹಳೆಯ ಸೀರೆಯ ಗಂಟು, ಗಂಟಿನಲ್ಲಿ ಎರಡು ದಿನದ ಕೂಸು. ಹಿತ್ತಲ ಬಾಗಿಲಲ್ಲಿ ನಿಂತು ನೀರು ಕೇಳಿದಳು. ರೂಢಿಯಂತೆ ಮೇಲಿನಿಂದ ಬೊಗಸೆಗೆ ಹೊಯ್ಯಬೇಕು. ಅವ್ವ ತುಂಬಿದ ತಾಮ್ರದ ಚೆಂಬನ್ನೇ ಕೈಗೆ ಕೊಟ್ಟಳು. ಕುರುಗೋಡಿನಿಂದ ಮದುವೆಯಲ್ಲಿ ಬಂದ, ತಂದೆಯ ಹೆಸರು ಕೆತ್ತಿಸಿದ ಏಳು ಚೆಂಬುಗಳಲ್ಲಿ ಒಂದು ಅದು.

ಅಂದು ನಮ್ಮ ಅಜ್ಜಿ ಸಿರುಗುಪ್ಪದಿಂದ ಬಂದಿದ್ದರು. ಆ ಚೆಂಬು ಮತ್ತೆ ಒಳಗೆ ಬರಕೂಡದೆಂದರು. ಅದು ಆಕೆಯೊಡನೆಯೇ ಹೋಯಿತು. ಉಳಿದ ಆರು ಚೆಂಬುಗಳು ಇಂದಿಗೂ ಸಿರುಗುಪ್ಪದ ಮನೆಯಲ್ಲಿವೆ; ಏಳನೆಯದು ಜಾತ್ರೆಯಲ್ಲಿ ಕಳೆದುಹೋಯಿತೆಂದೇ ನಾವೆಲ್ಲ ಅರವತ್ತೆರಡು ವರ್ಷ ಕೇಳುತ್ತ ಬಂದಿದ್ದೆವು. ಅಜ್ಜಿ ಬಿಲ್ವಪತ್ರೆಯಿಲ್ಲದೆ ಪೂಜೆಗೆ ಕೂರದವರು. ದಾಸೋಹಕ್ಕೆ ಚೀಲಗಟ್ಟಲೆ ಅಕ್ಕಿ ಕಳಿಸಿದವರು.

"ಚೆಂಬು ಹೋದದ್ದಕ್ಕ ಬ್ಯಾಸರಿಲ್ಲ" ಎಂದಳು ಅವ್ವ. "ಮೂರನೇ ದಿನಕ್ಕ ಬಂದಿದ್ಳಲ್ಲ, ಅದು. ಅಕಿ ಬರಲಿಲ್ಲಂದ್ರ ಅಕಿ ಕೆಲಸ ಮಾಡವ್ರು ಯಾರೂ ಇರಲಿಲ್ಲ. ನಾವು ಏಳು ಮಂದಿ ಇದ್ದಿವಿ ಮನಿಯಾಗ."

ಅಷ್ಟು ಹೇಳಿ ಮಗ್ಗುಲಾದಳು. ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರೊಡನೆ ತಮ್ಮ ನೆಂಟಸ್ತಿಕೆ ಹೇಳಿಕೊಂಡದ್ದನ್ನು ನಾವು ವೇದಿಕೆಗಳ ಮೇಲೆ ಎಷ್ಟು ಸಲ ವಿವರಿಸಿದ್ದೇವೆ! ಆ ನೆಂಟಸ್ತಿಕೆ ನಮ್ಮ ಮುಂಬಾಗಿಲಲ್ಲೇ ಉಳಿದು, ಹಿತ್ತಲಿಗೆ ಇಳಿಯಲಿಲ್ಲ. ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಗಾಜಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಅವ್ವ ಒಳಗೇ, ಶೌಚದ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಪೂಜೆ ಮಾಡಿಕೊಂಡಳು. ಯಾರೂ ಅದನ್ನು ಮಾತಾಗಿ ಎತ್ತಲಿಲ್ಲ. ಆ ದಿನದ ತೊಟ್ಟಿಯ ಕೆಲಸಕ್ಕೆ ನಾನು ಇಳಿದೆ. ಮಗ ಬೇಡವೆಂದ, ಕೈಗವಸನ್ನು ಆತನಿಂದ ಇಸಿದುಕೊಂಡೆ. ವಾಸನೆ ಇರುತ್ತದೆ, ಮುಚ್ಚಿಡಲಾಗದು. ಮುಗಿಸಲು ಹನ್ನೆರಡು ನಿಮಿಷ ಹಿಡಿಯಿತು.

ನಮ್ಮ ನಾಡಿನಲ್ಲಿ ಈ ಕೆಲಸದ ಚರಿತ್ರೆ ಕಾನೂನುಗಳ ಚರಿತ್ರೆಯೂ ಹೌದು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆಲ್ಲ ಕಾನೂನು ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದದ್ದು 2013ರಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಇದರ ವಿರುದ್ಧ ಜೀವಮಾನವಿಡೀ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇಷ್ಟಾದರೂ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ ಈ ಕಾಯಕದ ಜನ ತಮ್ಮ ನೆಲೆ ತಪ್ಪುವ ಸಂಕಟಕ್ಕೆ ನಡುಬೀದಿಯಲ್ಲಿ ಮೈಮೇಲೆ ಮಲ ಸುರಿದುಕೊಂಡು ನಿಂತರು. ನಾವು ಹಿಂತಿರುಗಿದ ವರ್ಷವೇ, 2023ರ ಅಕ್ಟೋಬರ್ 20ರಂದು, ಸರ್ವೋಚ್ಚ ನ್ಯಾಯಾಲಯವು ಈ ಪದ್ಧತಿಯನ್ನು ಸಂಪೂರ್ಣವಾಗಿ ತೊಡೆದುಹಾಕಲು ಆದೇಶಿಸಿ, ಒಳಚರಂಡಿಯಲ್ಲಿ ಜೀವ ಕಳೆದುಕೊಂಡವರ ಕುಟುಂಬಕ್ಕೆ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿತು. ಸತ್ತ ಮೇಲಿನ ಮಾತು ಅದು. ಬದುಕಿರುವವನ ಕೈಗೆ ಏನಿದೆ ಎಂಬುದು ಬೇರೆ ಮಾತು.

ಅದೇ ಡಿಸೆಂಬರಿನಲ್ಲಿ ಸಿರುಗುಪ್ಪದ ಮನೆಯ ಶೌಚದ ಗುಂಡಿ ತುಂಬಿತು. ಈಗ ಎಳೆಯುವ ಯಂತ್ರವಿರುವ ಟ್ಯಾಂಕರು ಬರುತ್ತದೆ, ಯಾರೂ ಒಳಗಿಳಿಯುವುದಿಲ್ಲ. ಬಂದ ಹುಡುಗನಿಗೆ ಇಪ್ಪತ್ತೈದರ ಪ್ರಾಯ. ಬರಿಗೈಯಲ್ಲಿ ಕೊಳವೆ ಎತ್ತಿ, ಬರಿಗೈಯಲ್ಲಿ ಗುಂಡಿಯ ಮುಚ್ಚಳ ಸರಿಸಿದ. ಅವ್ವ ಕೋಲೂರಿ ಹಿತ್ತಲಿಗೆ ಬಂದು, "ಕೈಗವಸು ಎಲ್ಲಪ್ಪಾ ತಮ್ಮಾ?" ಎಂದಳು. ಆತ ನಕ್ಕ. ಅಮೆರಿಕದಿಂದ ನಮ್ಮ ಪೆಟ್ಟಿಗೆಯಲ್ಲಿ ಹೇಗೋ ಬಂದುಬಿಟ್ಟಿದ್ದ ಒಂದು ಜೊತೆ ಒಳಗಿತ್ತು. ಅದನ್ನು ತರಿಸಿ ಕೊಟ್ಟಳು. ತೊಟ್ಟು ನೋಡಿದ. ಎರಡು ನಿಮಿಷದಲ್ಲಿ ಕಳಚಿ, "ಪೈಪು ಜಾರ್ತತಿ ಅಮ್ಮಾ" ಎಂದು ಮಡಚಿ ಜೇಬಿಗೆ ಸೇರಿಸಿ ಕೆಲಸ ಮುಂದುವರಿಸಿದ. ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತು ಉಂಡು ಹೋಗೆಂದು ಅವ್ವ ಕರೆದಳು. ತೆಕ್ಕಲಕೋಟೆಯಲ್ಲಿ ಇನ್ನೊಂದು ಗುಂಡಿ ಕಾದಿದೆ, ಹೊತ್ತಾಗುತ್ತದೆ ಎಂದ. ಆರು ಚೆಂಬುಗಳಲ್ಲಿ ಒಂದರಿಂದ ನೀರು ಕುಡಿದು ಹೊರಟ.

ಟ್ಯಾಂಕರು ಓಣಿ ದಾಟಿದ ಮೇಲೆ ಅವ್ವ ನನ್ನತ್ತ ತಿರುಗಿ, "ಜಾರದಂಥವು ಎಲ್ಲಿ ಸಿಗ್ತಾವ ನೋಡು" ಎಂದಳು. ಬಳ್ಳಾರಿಯಲ್ಲಿ ಮೂರು ಅಂಗಡಿ ತಿರುಗಿದೆ. ಅಂಗೈಗೆ ಒರಟು ರಬ್ಬರು ಹಚ್ಚಿದ, ಮೊಣಕೈವರೆಗೆ ಬರುವ ಒಂದು ಬಗೆ ಸಿಕ್ಕಿತು. ಹನ್ನೆರಡು ಜೊತೆ ತಂದು ಹಿತ್ತಲ ಬಾಗಿಲ ಗೂಟಕ್ಕೆ ತೂಗುಹಾಕಿದ್ದೇನೆ. ಹುಡುಗನ ದೂರವಾಣಿಗೆ ಕರೆ ಮಾಡಿದರೆ, ಆ ಕೆಲಸ ಬಿಟ್ಟು ಬೆಂಗಳೂರಿಗೆ ಹೋದನೆಂದು ಟ್ಯಾಂಕರಿನವರು ಹೇಳುತ್ತಾರೆ. ಅವನ ಜಾಗಕ್ಕೆ ಬಂದವನು ಇನ್ನೂ ಚಿಕ್ಕವನಂತೆ.